ಸಂಘದ ಅಧಿಕಾರ ಹೊಸ್ತಿಲವರೆಗೆ

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳಗಾದರೆ ಜನ ಮೊದಲು ನೋಡುತ್ತಿದ್ದದ್ದು ಸಂಘದ ವಾಟ್ಸ್‌ಆ್ಯಪ್ ಸಂದೇಶವನ್ನು. ಸಂಪಿನಲ್ಲಿ ಎಷ್ಟು ನೀರು ಉಳಿದಿದೆ, ರಾತ್ರಿ ಎಷ್ಟು ಟ್ಯಾಂಕರ್ ಬಂದವು, ನಲ್ಲಿಯಲ್ಲಿ ನೀರು ಎಷ್ಟು ಗಂಟೆಗೆ ಬಂದು ಎಷ್ಟು ಗಂಟೆಗೆ ನಿಲ್ಲುತ್ತದೆ ಎಂಬುದರ ಮೇಲೆ ಅಡುಗೆಯಿಂದ ಹಿಡಿದು ಮಕ್ಕಳ ಸ್ನಾನದವರೆಗೆ ಎಲ್ಲವೂ ನಿಂತಿತ್ತು. ಬೆಂಗಳೂರಿನ ಸುಮಾರು 14,000 ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿತ್ತು. 5 ಕಿಲೋಮೀಟರ್ ಒಳಗಾದರೆ 12,000 ಲೀಟರ್ ಟ್ಯಾಂಕರ್‌ಗೆ 1,000 ರೂಪಾಯಿ ಎಂದು ಜಿಲ್ಲಾಡಳಿತ ದರ ನಿಗದಿ ಮಾಡಿತ್ತು.

ಆದೇಶ ಹೊರಡಿಸುವುದು ಸರ್ಕಾರದ ಕೆಲಸ. ಆದರೆ ಟ್ಯಾಂಕರ್ ಮಾಲೀಕನಿಗೆ ಹತ್ತು ಸಲ ಫೋನ್ ಮಾಡಿ, ನಡುರಾತ್ರಿ ಗೇಟಿನ ಬಳಿ ನಿಂತು ನೀರು ಇಳಿಸಿಕೊಂಡು, ಮನೆಮನೆಯ ನಲ್ಲಿಗೂ ನೀರು ಉಳಿಸುವ ಏರೇಟರ್ ಹಾಕಿಸಿದವರು ಸಂಘದ ಪದಾಧಿಕಾರಿಗಳು. ಅವರಲ್ಲಿ ಹೆಚ್ಚಿನವರಿಗೆ ಸಂಬಳವಿಲ್ಲ. ಹಗಲು ತಮ್ಮ ತಮ್ಮ ನೌಕರಿ ಮಾಡಿ, ಸಂಜೆ ನೂರಾರು ಮನೆಗಳ ನೀರಿನ ಚಿಂತೆ ಹೊರುವವರು ಅವರು. ಆ ಬೇಸಿಗೆಯಲ್ಲಿ ಸಂಘವೆಂಬುದು ಇಲ್ಲದಿದ್ದರೆ ಬಹುಮಹಡಿ ಕಟ್ಟಡಗಳ ವಾಸ ಎಷ್ಟು ದಿನ ಸಾಧ್ಯವಾಗುತ್ತಿತ್ತು ಎಂಬುದನ್ನು ಅಲ್ಲಿದ್ದವರೇ ಹೇಳಬೇಕು.

ಅದೇ ಸಂಘಗಳು ಇನ್ನೊಂದು ಬಗೆಯ ಸೂಚನೆಯನ್ನೂ ಹೊರಡಿಸುತ್ತವೆ. ಮದುವೆಯಾಗದವರಿಗೆ ಮನೆ ಬಾಡಿಗೆಗೆ ಕೊಡಬೇಡಿ. ಮನೆಗೆಲಸದವರು ಹಿಂದಿನ ಲಿಫ್ಟ್ ಬಳಸಲಿ. ನಾಯಿ ಸಾಕಿದವರು ಮೆಟ್ಟಿಲು ಹತ್ತಿ ಹೋಗಲಿ. ನೀರು ತರಿಸಿದ ಕೈಯೇ ಈ ಸೂಚನೆಗೂ ಸಹಿ ಹಾಕುತ್ತದೆ. ಅಪಾರ್ಟ್‌ಮೆಂಟ್ ಸಂಘದ ಒಳಿತು ಕೆಡುಕುಗಳನ್ನು ತೂಗುವವರು ಈ ಎರಡನ್ನೂ ಒಟ್ಟಿಗೆ ನೋಡಬೇಕು.

ಹಿಂದೆ ಬೆಂಗಳೂರು, ಮೈಸೂರುಗಳಲ್ಲಿ ವಠಾರಗಳಿದ್ದವು. ಬಾವಿ, ಬಟ್ಟೆ ಒಗೆಯುವ ಕಲ್ಲು, ಅಂಗಳ ಎಲ್ಲರಿಗೂ ಸೇರಿದ್ದು. ಜಗಳವೂ ಅಲ್ಲೇ, ಹಬ್ಬವೂ ಅಲ್ಲೇ. ಆದರೆ ವಠಾರಕ್ಕೆ ಒಬ್ಬ ಮಾಲೀಕ ಇರುತ್ತಿದ್ದ, ಕೊನೆಯ ಮಾತು ಅವನದು. ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಮಾಲೀಕರೇ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಈ ಹೊಸ ಬಗೆಯ ಆಸ್ತಿಗೆ ರೂಪ ಕೊಟ್ಟಿತು. ನಾಲ್ಕು ಗೋಡೆಯ ಒಳಗಿನದು ಕೊಂಡವನದು; ನೆಲ, ಮೆಟ್ಟಿಲು, ತಾರಸಿ, ಸಂಪು, ಲಿಫ್ಟ್‌ಗಳಲ್ಲಿ ಪ್ರತಿಯೊಬ್ಬನಿಗೂ ಬೇರ್ಪಡಿಸಲಾಗದ ಪಾಲು. ಈ ಸಮುದಾಯದ ಆಸ್ತಿಯನ್ನು ನೋಡಿಕೊಳ್ಳಲು ಮಾಲೀಕರೆಲ್ಲ ಸೇರಿ ಸಂಘ ಕಟ್ಟುತ್ತಾರೆ, ಬೈಲಾ ಬರೆದುಕೊಳ್ಳುತ್ತಾರೆ. ಸಂಘದ ಅಧಿಕಾರ ಹುಟ್ಟುವುದು ಇಲ್ಲಿಂದ, ಸಾಮಾನ್ಯ ಆಸ್ತಿಯಿಂದ. ಇಲ್ಲಿ ಹೇಳಹೊರಟ ಮಾತಿಗೆ ಇದೇ ಬುನಾದಿ.

ದುಡ್ಡಿನ ವಿಷಯಕ್ಕೆ ಬಂದರೆ, ಸಂಘಗಳಲ್ಲಿ ಅತಿ ಹೆಚ್ಚು ಕಾವೇರುವ ವಾದ ಮೇಂಟೆನೆನ್ಸ್ ಹಂಚಿಕೆಯದು. ಒಂದೇ ಕಟ್ಟಡದಲ್ಲಿ 1,000 ಚದರಡಿಯ ಮನೆಯೂ 2,000 ಚದರಡಿಯ ಮನೆಯೂ ಇವೆ ಎಂದುಕೊಳ್ಳೋಣ. ಚದರಡಿಗೆ 4 ರೂಪಾಯಿ ಲೆಕ್ಕ ಹಾಕಿದರೆ ಒಬ್ಬರಿಗೆ ತಿಂಗಳಿಗೆ 4,000, ಇನ್ನೊಬ್ಬರಿಗೆ 8,000. ಸೆಕ್ಯುರಿಟಿಯವರು ಕಾಯುವುದು ಒಂದೇ ಗೇಟು, ಲಿಫ್ಟ್ ಏರುವುದು ಅಷ್ಟೇ ಮಹಡಿ, ತಮಗೇಕೆ ದುಪ್ಪಟ್ಟು ಎಂದು ದೊಡ್ಡ ಮನೆಯವರು ಕೇಳುತ್ತಾರೆ. ಎಲ್ಲರಿಗೂ ಸಮನಾಗಿ 6,000 ಮಾಡಿದರೆ, ಸಾಲ ಮಾಡಿ ಸಣ್ಣ ಮನೆ ಕೊಂಡ ಕುಟುಂಬ ದೊಡ್ಡ ಮನೆಯವರ ಪಾಲನ್ನೂ ಕಟ್ಟಿದಂತಾಗುತ್ತದೆ. ಕಾಯ್ದೆ ಈ ವಾದಕ್ಕೆ ಉತ್ತರ ಕೊಟ್ಟಿದೆ: ಸಾಮಾನ್ಯ ಖರ್ಚನ್ನು ಪ್ರತಿಯೊಬ್ಬರ ಅವಿಭಜಿತ ಪಾಲಿನ ಶೇಕಡಾವಾರಿಗೆ ತಕ್ಕಂತೆ ಹಂಚಬೇಕು. ಹಾಗಿದ್ದೂ ಎಷ್ಟೋ ಸಂಘಗಳಲ್ಲಿ ಈ ಜಗಳ ವರ್ಷಗಟ್ಟಲೆ ಎಳೆದಾಡುತ್ತದೆ, ಕೋರ್ಟಿಗೂ ಹೋಗುತ್ತದೆ.

ಈಜುಕೊಳಕ್ಕೆ ಇಳಿಯದವರು, ಜಿಮ್ ಬಾಗಿಲು ನೋಡದವರು ತಮ್ಮ ಪಾಲಿನ ಹಣ ಬಿಡಿ ಎಂದು ಕೇಳುವುದುಂಟು. ಕಾಯ್ದೆ ಅದಕ್ಕೂ ಒಪ್ಪುವುದಿಲ್ಲ. ಸೌಲಭ್ಯ ಬಳಸದಿದ್ದ ಮಾತ್ರಕ್ಕೆ ಖರ್ಚಿನ ಪಾಲು ತಪ್ಪುವುದಿಲ್ಲ, ಕಟ್ಟದ ಬಾಕಿ ಮನೆಯ ಮೇಲೆಯೇ ಹೊರೆಯಾಗಿ ಕೂರುತ್ತದೆ. ಮನೆ ಕೊಳ್ಳುವಾಗ ಬಿಲ್ಡರ್ ತೋರಿಸುವ ಬಣ್ಣದ ಚಿತ್ರದಲ್ಲಿ ಇರುವ ಪ್ರತಿಯೊಂದು ಕಾರಂಜಿಗೂ ಮುಂದೆ ತಿಂಗಳು ತಿಂಗಳೂ ಹಣ ಕಟ್ಟಬೇಕು ಎಂಬುದು ಕೊಳ್ಳುವವರಿಗೆ ಆ ಹೊತ್ತಿನಲ್ಲಿ ಹೊಳೆಯುವುದು ಕಡಿಮೆ. ಇದರ ಮೇಲೆ ಜಿಎಸ್‌ಟಿ: ಮನೆಯೊಂದರ ತಿಂಗಳ ಶುಲ್ಕ 7,500 ರೂಪಾಯಿ ದಾಟಿ, ಸಂಘದ ವಾರ್ಷಿಕ ವಹಿವಾಟು 20 ಲಕ್ಷ ಮೀರಿದರೆ ಶೇ 18ರ ತೆರಿಗೆ ಸೇರಿಕೊಳ್ಳುತ್ತದೆ. ನಿವೃತ್ತಿಯ ಪಿಂಚಣಿ ನಂಬಿ ಬದುಕುವ ಹಿರಿಯರಿಗೆ ಇದು ಸಣ್ಣ ಮೊತ್ತವಲ್ಲ.

ಬಿಲ್ಡರ್ ಎದುರು ನಿಲ್ಲುವಾಗ ಮಾತ್ರ ಸಂಘದ ಬೆಲೆ ಎಲ್ಲರಿಗೂ ತಿಳಿಯುತ್ತದೆ. ಸೋರುವ ಬೇಸ್‌ಮೆಂಟ್, ಅರ್ಧಕ್ಕೆ ನಿಂತ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಣಾ ಘಟಕ), ಕೈಸೇರದ ಸ್ವಾಧೀನ ಪತ್ರ, ವರ್ಗಾಯಿಸದ ಕಾರ್ಪಸ್ ಫಂಡ್: ಒಬ್ಬಂಟಿ ಕೊಳ್ಳುಗ ಇದನ್ನೆಲ್ಲ ಕೇಳಿ ಸೋತು ಸುಮ್ಮನಾಗುತ್ತಾನೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ (ರೇರಾ) ಪ್ರಕಾರ, ಹೆಚ್ಚಿನ ಮನೆಗಳು ಬುಕ್ ಆದ 3 ತಿಂಗಳೊಳಗೆ ಕೊಳ್ಳುಗರ ಸಂಘ ರಚನೆಗೆ ಬಿಲ್ಡರ್ ದಾರಿ ಮಾಡಿಕೊಡಬೇಕು, ಸಾಮಾನ್ಯ ಜಾಗವನ್ನು ಸಂಘದ ಹೆಸರಿಗೆ ಬರೆದುಕೊಡಬೇಕು, ಕಟ್ಟಡದ ರಚನೆಯಲ್ಲಿ 5 ವರ್ಷದೊಳಗೆ ದೋಷ ಕಂಡರೆ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಈ ಹಕ್ಕನ್ನು ಕೇಳಿ ಪಡೆಯಲು ನೂರು ಮನೆಯವರು ಒಂದೇ ಅರ್ಜಿ ಹಾಕುವ ಶಕ್ತಿ ಬೇಕು. ಅದನ್ನು ಕೊಡುವುದು ಸಂಘ.

ಇನ್ನು ಕಸ. ಬೆಂಗಳೂರಿನ ಕಸದ ಕತೆ ಹೇಳುವಾಗ ಮಾವಳ್ಳಿಪುರ ಮತ್ತು ಮಂಡೂರನ್ನು ಮರೆತರೆ ಅನ್ಯಾಯವಾಗುತ್ತದೆ. ನಗರದ ಹಸಿ ಕಸ, ಒಣ ಕಸ, ಆಸ್ಪತ್ರೆಯ ಕಸ ಎಲ್ಲವೂ ಬೆರೆತು ಲಾರಿಗಳಲ್ಲಿ ಆ ಹಳ್ಳಿಗಳಿಗೆ ಹೋಗುತ್ತಿತ್ತು. ಅಲ್ಲಿನವರು ವಾಸನೆ, ನೊಣ, ಕೆಟ್ಟ ನೀರಿನ ನಡುವೆ ಬದುಕಿದರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿತು, 2014ರಲ್ಲಿ ಮಂಡೂರಿನವರ ಹೋರಾಟಕ್ಕೆ ಮಣಿದು ಅಲ್ಲಿಗೂ ಲಾರಿ ನಿಂತವು. ಆ ವರ್ಷಗಳಲ್ಲಿ ಕಸ ಬೇರ್ಪಡಿಸುವುದನ್ನು ಮನೆಮನೆಗೆ ಕಲಿಸಿದವರಲ್ಲಿ ಅಪಾರ್ಟ್‌ಮೆಂಟ್ ಸಂಘಗಳ ಮಹಿಳೆಯರು ಮುಂದಿದ್ದರು. ಒಂದೊಂದು ಮಹಡಿಗೂ ಹೋಗಿ, ಡಬ್ಬಿ ತೆರೆದು ನೋಡಿ, ಬೆರೆಸಿದ್ದರೆ ಮತ್ತೆ ಹೇಳಿ, ಹಿತ್ತಲಲ್ಲಿ ಗೊಬ್ಬರದ ತೊಟ್ಟಿ ಕಟ್ಟಿಸಿದವರು ಅವರು. 2016ರ ಘನತ್ಯಾಜ್ಯ ನಿಯಮಗಳು 5,000 ಚದರ ಮೀಟರ್‌ಗಿಂತ ದೊಡ್ಡ ವಸತಿ ಸಂಕೀರ್ಣಗಳು ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಸಂಸ್ಕರಿಸಬೇಕು ಎಂದು ಹೇಳುವ ಹೊತ್ತಿಗೆ, ಹಲವು ಕಡೆ ಆ ಕೆಲಸ ಆಗಲೇ ನಡೆದಿತ್ತು. ಆ ಹಳ್ಳಿಗಳ ಮೇಲೆ ನಗರ ಮಾಡಿದ ಅನ್ಯಾಯವನ್ನು ಅಷ್ಟಿಷ್ಟಾದರೂ ತಗ್ಗಿಸಿದ ಈ ದುಡಿಮೆಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ.

ಆದರೆ ಸಾಮಾನ್ಯ ಆಸ್ತಿಯ ಯಜಮಾನಿಕೆ ಎಂದರೆ ಹೊಣೆಯೂ ಹೌದು. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಬಡಾವಣೆಯ ಸಮೀಪದ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರಲ್ಲಿ ಎಸ್‌ಟಿಪಿ ಸ್ವಚ್ಛಗೊಳಿಸಲು ಹೋದ ಮೂವರು ಸತ್ತರು. ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಮಲಗುಂಡಿಗೆ ಇಳಿಸಬಾರದು ಎಂಬ ಕಾಯ್ದೆ ಜಾರಿಯಾಗಿದ್ದು 2013ರಲ್ಲೇ. ಗುತ್ತಿಗೆ ಕೊಟ್ಟ ಮೇಲೆ ಕೆಲಸ ಹೇಗೆ ನಡೆಯುತ್ತದೆ ಎಂಬುದು ಗುತ್ತಿಗೆದಾರನಿಗೆ ಬಿಟ್ಟದ್ದು ಎಂದು ಭಾವಿಸುವ ಸಂಘಗಳು ಇಂದಿಗೂ ಇವೆ. ಅತಿ ಕಡಿಮೆ ದರ ಬರೆದ ಟೆಂಡರ್ ಆರಿಸುವಾಗ, ಆ ಕಡಿಮೆ ದರದಲ್ಲಿ ಯಾರ ಮುಖಗವಸು, ಯಾರ ಆಮ್ಲಜನಕದ ಸಿಲಿಂಡರ್ ಬಿಟ್ಟುಹೋಗಿದೆ ಎಂದು ಸಮಿತಿ ಕೇಳಲೇಬೇಕು. ಬೈಲಾದಲ್ಲಿ ಈಜುಡುಗೆಯ ನಿಯಮಕ್ಕೆ ಒಂದು ಪುಟ ಸಿಗುವುದಾದರೆ, ಎಸ್‌ಟಿಪಿಗೆ ಇಳಿಯುವವನ ಪ್ರಾಣಕ್ಕೂ ಒಂದು ಪುಟ ಸಿಗಬೇಕು.

ಸಂಘಗಳು ದಾರಿ ತಪ್ಪುವುದು ಅಧಿಕಾರ ಹೊಸ್ತಿಲು ದಾಟಿ ಮನೆಯೊಳಗೆ ಕಾಲಿಟ್ಟಾಗ. ಬ್ಯಾಚುಲರ್‌ಗಳ ವಿಚಾರವನ್ನೇ ತೆಗೆದುಕೊಳ್ಳಬಹುದು. ಹುಬ್ಬಳ್ಳಿಯಿಂದಲೋ ಕಲಬುರಗಿಯಿಂದಲೋ ಕೆಲಸಕ್ಕೆ ಬಂದ ಹುಡುಗಿಗೆ ಮನೆ ಕೊಡಲು ಮಾಲೀಕರು ಒಪ್ಪಿರುತ್ತಾರೆ, ಮುಂಗಡವೂ ಕೊಟ್ಟಾಗಿರುತ್ತದೆ. ಸಂಘದ ಕಚೇರಿಯಲ್ಲಿ ಮಾತ್ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಸಿಗುವುದಿಲ್ಲ. ಕೊಡುವ ಕಾರಣ ಗಲಾಟೆ, ರಾತ್ರಿಯ ಪಾರ್ಟಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಜೋರು ಸದ್ದಿಗೆ ಕಡಿವಾಣ ಹಾಕುವ ನಿಯಮ 2000ದಿಂದ ದೇಶದಾದ್ಯಂತ ಇದೆ. ಅದು ಮದುವೆಯಾದವರಿಗೂ ಆಗದವರಿಗೂ ಒಂದೇ. ಸದ್ದಿಗೆ ದಂಡ ಹಾಕಲಿ, ಅದು ಸಂಘದ ಹಕ್ಕು. ಕೊರಳಲ್ಲಿ ತಾಳಿ ಇದೆಯೇ ಎಂದು ನೋಡಿ ಮನುಷ್ಯರನ್ನು ಅಳೆಯುವ ಹಕ್ಕನ್ನು ಯಾವ ಕಾಯ್ದೆಯೂ ಸಂಘಕ್ಕೆ ಕೊಟ್ಟಿಲ್ಲ.

ಸಾಕುಪ್ರಾಣಿಗಳ ವಿಷಯವೂ ಹೀಗೆಯೇ. ಬಹುಮತದ ನಿರ್ಣಯವಿದ್ದರೂ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್‌ನಿಂದ ಹೊರಗಿಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಸಲಹೆ ಕೊಟ್ಟಿದೆ. ನಾಯಿಗೆ ಹೆದರುವ ಮಗುವೂ ಅದೇ ಲಿಫ್ಟ್ ಹತ್ತಬೇಕು ಎಂಬುದು ನಿಜ, ಆ ಭಯವನ್ನು ಹಗುರವಾಗಿ ಕಾಣಬಾರದು. ಹಗ್ಗ ಬಿಗಿ ಹಿಡಿಯಬೇಕು, ಲಸಿಕೆ ಹಾಕಿಸಬೇಕು, ಹೊಲಸು ತೆಗೆಯಬೇಕು ಎಂದು ಹೇಳುವುದು ನ್ಯಾಯ.

ಮನೆಗೆಲಸದವರಿಗೆ ಬೇರೆ ಲಿಫ್ಟ್ ಎನ್ನುವ ಫಲಕದ ಬಗ್ಗೆ ಹೆಚ್ಚು ವಾದ ಮಾಡಬೇಕಾಗಿಲ್ಲ. ಅದೇ ಕೈ ಹಿಟ್ಟು ಕಲಸಿ ಚಪಾತಿ ಮಾಡಿ, ಮಗುವಿಗೆ ತಲೆ ಬಾಚುತ್ತದೆ. 2020ರ ಲಾಕ್‌ಡೌನ್ ಸಡಿಲಗೊಂಡ ಮೇಲೂ ಹಲವು ಗೇಟುಗಳು ಆ ಹೆಂಗಸರಿಗೆ ತೆರೆಯಲಿಲ್ಲ, ವಾರಗಟ್ಟಲೆ ಸಂಬಳ ಹೋಯಿತು. ಮರುವರ್ಷ ಎರಡನೇ ಅಲೆಯಲ್ಲಿ ಇಂಥ ಸಂಘಗಳೇ ಆಮ್ಲಜನಕದ ಸಾಧನ ತರಿಸಿ ಜೀವ ಉಳಿಸಿದವು, ಲಸಿಕೆ ಶಿಬಿರ ನಡೆಸಿದವು. ಒಳ್ಳೆಯದು ಮಾಡುವ ಶಕ್ತಿ ಇರುವ ಕಡೆ ಈ ಸಣ್ಣತನ ಇನ್ನಷ್ಟು ನೋಯಿಸುತ್ತದೆ.

ಬಾಡಿಗೆದಾರರು ಮತ್ತೊಂದು ವರ್ಗ. ಮೇಂಟೆನೆನ್ಸ್ ಕಟ್ಟುವವರು ಅವರು, ನೀರಿಲ್ಲದ ಬೆಳಗನ್ನು ಅನುಭವಿಸುವವರು ಅವರು. ಮತ ಇರುವುದು ದುಬೈಯಲ್ಲೋ ಡಲ್ಲಾಸ್‌ನಲ್ಲೋ ಇರುವ ಮಾಲೀಕರಿಗೆ. ಕಾಯ್ದೆಯ ಪ್ರಕಾರ ಸಂಘದ ಸದಸ್ಯತ್ವ ಮಾಲೀಕರಿಗೆ ಮಾತ್ರ ಎಂಬುದು ಸರಿ. ಮತವಿಲ್ಲದಿದ್ದರೂ ಸಭೆಯಲ್ಲಿ ಕೂತು ಮಾತನಾಡಲು ಇಬ್ಬರು ಬಾಡಿಗೆದಾರರಿಗೆ ಜಾಗ ಕೊಡುವುದಕ್ಕೆ ಕಾನೂನು ತಿದ್ದುಪಡಿ ಬೇಕಿಲ್ಲ.

ಸಂಘ ಅನ್ಯಾಯ ಮಾಡಿದರೆ ದೂರು ಎಲ್ಲಿ ಕೊಡಬೇಕು? ರಾಜ್ಯದ ದೊಡ್ಡ ಕೊರತೆ ಇದೇ. ಒಂದು ಸಂಘ 1972ರ ಕಾಯ್ದೆಯಡಿ, ಇನ್ನೊಂದು 1960ರ ಸಂಘಗಳ ನೋಂದಣಿ ಕಾಯ್ದೆಯಡಿ, ಮತ್ತೊಂದು 1959ರ ಸಹಕಾರ ಸಂಘಗಳ ಕಾಯ್ದೆಯಡಿ ನೋಂದಣಿಯಾಗಿರುತ್ತದೆ. ಯಾವುದು ಸರಿ ಎಂಬ ಬಗ್ಗೆ ಹೈಕೋರ್ಟಿನಲ್ಲಿ ಮೊಕದ್ದಮೆಗಳೇ ನಡೆದಿವೆ. ಬಾಗಿಲಿಗೆ ಹತ್ತಿರವಿರುವ, ತಿಂಗಳೊಳಗೆ ತೀರ್ಮಾನ ಕೊಡುವ ಪ್ರಾಧಿಕಾರವೊಂದು ಇಲ್ಲದೆ, ದಂಡಕ್ಕೆ ಗುರಿಯಾದ ನಿವಾಸಿಯೂ ಬಾಕಿ ವಸೂಲಿಗೆ ಒದ್ದಾಡುವ ಸಮಿತಿಯೂ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಲಕ್ಷಾಂತರ ಕುಟುಂಬಗಳು ಈ ಬಗೆಯ ವಾಸಕ್ಕೆ ಬಂದಾದ ಮೇಲೂ, ಅರ್ಧ ಶತಮಾನದ ಹಿಂದಿನ ಕಾಯ್ದೆಯನ್ನು ಹೊಸದಾಗಿ ಬರೆಯಲು ಸರ್ಕಾರ ಇನ್ನು ತಡಮಾಡುವಂತಿಲ್ಲ. ಸಂಘದ ಅಧಿಕಾರ ಯಾವುದರ ಮೇಲೆ ನಡೆಯುತ್ತದೆ, ಯಾವುದರ ಮೇಲೆ ನಡೆಯುವುದಿಲ್ಲ ಎಂಬ ಪಟ್ಟಿ ಆ ಕಾಯ್ದೆಯಲ್ಲೇ ಇರಬೇಕು.

ಕಾನೂನು ಬರುವವರೆಗೆ ನಿವಾಸಿಗಳು ಕಾಯಬೇಕಾಗಿಯೂ ಇಲ್ಲ. ವಾರ್ಷಿಕ ಮಹಾಸಭೆಗೆ ಕ್ಲಬ್‌ಹೌಸಿನಲ್ಲಿ ಹಾಕಿದ ಕುರ್ಚಿಗಳು ತುಂಬುವುದಿಲ್ಲ. ಕೋರಂ ಇಲ್ಲವೆಂದು ಅರ್ಧ ಗಂಟೆ ಮುಂದೂಡಿ, ಬಂದಷ್ಟೇ ಜನರೊಂದಿಗೆ ವರ್ಷದ ಬಜೆಟ್ ಪಾಸಾಗುತ್ತದೆ. ಬಾರದವರೇ ಮರುದಿನ ಗ್ರೂಪಿನಲ್ಲಿ ಸಮಿತಿಯನ್ನು ಬೈಯುತ್ತಾರೆ. ಸಭೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಸಾಗುವಾಗ ಹಿಂದಿನ ಸಾಲಿನ ಹಿರಿಯರು ಸುಮ್ಮನಿರುವುದೂ ಇದೆ. ಅವರಿಗೆ ಹೇಳಲು ಮಾತಿಲ್ಲವೆಂದಲ್ಲ. ಜಮಾ ಖರ್ಚಿನ ಪುಸ್ತಕವನ್ನು ಯಾವ ಮಾಲೀಕ ಬೇಕಾದರೂ ನೋಡಬಹುದು ಎಂದು 1972ರ ಕಾಯ್ದೆ ಹೇಳುತ್ತದೆ. ಮುಂದಿನ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಆ ಪುಸ್ತಕ ಕೇಳಲಿ, ಕಳೆದ ವರ್ಷದ ಟ್ಯಾಂಕರ್ ಬಿಲ್ಲನ್ನೂ ಎಸ್‌ಟಿಪಿ ಗುತ್ತಿಗೆಯನ್ನೂ ಓದಿಸಲಿ, ನಡಾವಳಿಯನ್ನು ಕನ್ನಡದಲ್ಲೂ ಲಿಫ್ಟಿನ ಪಕ್ಕದ ಫಲಕಕ್ಕೆ ಅಂಟಿಸಲು ಹೇಳಲಿ.