ವರ್ತಮಾನಜ್ಞಾನವೂ ಗಿಳಿಪಾಠವೂ

ರಾಯಚೂರು ನಗರದಲ್ಲಿಯೂ ದೇವದುರ್ಗ, ಮಾನ್ವಿ ಮೊದಲಾದ ತಾಲೂಕುಗಳಲ್ಲಿಯೂ ವಿದ್ಯಾವಂತ ಕುಟುಂಬಗಳ ತರುಣತರುಣಿಯರು ಆಡಳಿತ ಸೇವೆಯ ಪರೀಕ್ಷೆಗಳ ಕಡೆಗೆ ಮನಸ್ಸು ಕೊಡುತ್ತಿರುವುದು ಸಂತೋಷದ ಸಂಗತಿಯೇ ಸರಿ. ಶತಮಾನಗಳ ಕಾಲ ಪರರ ಅಧಿಕಾರಿಗಳನ್ನೇ ಕಂಡ ಈ ದೋಆಬು ಪ್ರಾಂತವು ತನ್ನ ಮಕ್ಕಳನ್ನು ಅಧಿಕಾರಪೀಠದಲ್ಲಿ ಕಾಣಬಯಸುವುದು ಅತ್ಯಾಶೆಯಲ್ಲ. ಆದರೆ ಆ ಪರೀಕ್ಷೆಗಾಗಿ ‘ಪ್ರಚಲಿತ ವಿದ್ಯಮಾನ’ವೆಂಬ ಹೆಸರಿನಿಂದ ಮನೆಮನೆಗಳಲ್ಲಿ ನಡೆಯುತ್ತಿರುವ ಅಭ್ಯಾಸವನ್ನು ಕಂಡರೆ, ಇದು ವಿದ್ಯೆಯೋ ವಿದ್ಯೆಯ ಅಣಕವೋ ಎಂಬ ಸಂದೇಹವು ಹುಟ್ಟದಿರದು.

ಈ ಅಭ್ಯಾಸದ ಸ್ವರೂಪವು ಎಲ್ಲರಿಗೂ ತಿಳಿದುದೇ ಆಗಿದೆ. ದಿಲ್ಲಿಯಿಂದಲೋ ಬೆಂಗಳೂರಿನಿಂದಲೋ ಧಾರವಾಡದಿಂದಲೋ ಬರುವ ಮಾಸಿಕ ಸಂಗ್ರಹವನ್ನು ತರಿಸುವುದು. ಪ್ರಶಸ್ತಿ ಯಾರಿಗೆ, ಸಮ್ಮೇಳನ ಎಲ್ಲಿ, ಯೋಜನೆಯ ಹೆಸರೇನು, ಸೂಚ್ಯಂಕದಲ್ಲಿ ಸ್ಥಾನವೆಷ್ಟು ಎಂಬುದನ್ನು ಉರುಹೊಡೆಯುವುದು. ಮುಂದಿನ ತಿಂಗಳ ಸಂಗ್ರಹವು ಬಂದೊಡನೆ ಹಿಂದಿನದನ್ನು ಮರೆಯುವುದು. ಮನೆಯ ಹಿರಿಯರು ಸಾಯಂಕಾಲ ಪ್ರಶ್ನೆ ಕೇಳಿ, ಉತ್ತರವು ಥಟ್ಟನೆ ಬಂದರೆ ಮಗನು ಕಲೆಕ್ಟರನಾದನೆಂದೇ ಬಗೆದು ಹಿಗ್ಗುತ್ತಾರೆ.

ಕಂಠಪಾಠವನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಪಾಠಶಾಲೆಗಳಲ್ಲಿ ಬಾಲಕರು ಅಮರಕೋಶವನ್ನು ಬಾಯಿಪಾಠ ಮಾಡುತ್ತಿದ್ದರು. ಸೂತ್ರಗಳನ್ನು ಅರ್ಥ ತಿಳಿಯುವ ಮೊದಲೇ ಉಚ್ಚರಿಸುತ್ತಿದ್ದರು. ಆದರೆ ಸೂತ್ರದ ಬೆನ್ನಿಗೆ ವೃತ್ತಿಯಿತ್ತು, ವೃತ್ತಿಯ ಬೆನ್ನಿಗೆ ಭಾಷ್ಯವಿತ್ತು. ಸೂತ್ರದಲ್ಲಿಯೇ ನಿಂತವನನ್ನು ಪಂಡಿತನೆಂದು ಯಾವ ಗುರುವೂ ಕರೆಯಲಿಲ್ಲ. ಈಗಿನ ಪ್ರಚಲಿತ ವಿದ್ಯಮಾನದಲ್ಲಿ ಸೂತ್ರವೊಂದೇ ಉಳಿದಿದೆ. ವೃತ್ತಿಯಿಲ್ಲ, ಭಾಷ್ಯದ ಮಾತಂತೂ ಬೇಡ.

ಒಂದು ಉದಾಹರಣೆಯಿಂದ ಇದು ವಿಶದವಾಗುವುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಪರೀಕ್ಷಾರ್ಥಿಗೆ ಬೇಕಾದುದು ಇಷ್ಟೇ: ಗೇಟಿನ ಸಂಖ್ಯೆ 19, ಒಟ್ಟು ಗೇಟುಗಳು 33, ತಾರೀಖು ಆಗಸ್ಟ್ 10. ಆದರೆ ಆ ರಾತ್ರಿ ಮಾನ್ವಿಯ ರೈತನ ಎದೆ ಏಕೆ ನಡುಗಿತು? ಆ ಜಲಾಶಯದ ಎಡದಂಡೆಯ ಕಾಲುವೆಯು ಸುಮಾರು 227 ಕಿಲೋಮೀಟರು ಹರಿದು ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳ ಹೊಲಗಳಿಗೆ ನೀರುಣಿಸುತ್ತದೆ. ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಬೇಕಾದರೆ ತುಂಬಿದ ನೀರನ್ನು ಮೊದಲು ಹೊಳೆಗೆ ಬಿಡಬೇಕಾಯಿತು. ಬಿಟ್ಟ ನೀರೆಲ್ಲವೂ ಯಾರದೋ ಬೆಳೆಯ ನೀರು. 1953ರಲ್ಲಿ ನೀರು ನಿಂತ ಈ ಜಲಾಶಯವು ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಅಡಿ ನೀರನ್ನು ಹಿಡಿಯುತ್ತಿದ್ದುದು, ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಕಾಲುವೆಯನ್ನು ಬಹುಮಟ್ಟಿಗೆ ಅಲ್ಪ ನೀರಿನ ಬೆಳೆಗಳಿಗಾಗಿ ಯೋಜಿಸಿದ್ದರೂ ಮೇಲ್ಭಾಗದಲ್ಲಿ ಬತ್ತವು ಹಬ್ಬಿತು. ಆದುದರಿಂದ ಕೊನೆಯ ಭಾಗದ ಮಾನ್ವಿ, ರಾಯಚೂರುಗಳ ಹೊಲಗಳು ತುಂಬಿದ ವರ್ಷದಲ್ಲಿಯೂ ಬಾಯಾರುತ್ತವೆ. ನೀರಿಗೆ ಕರ್ನಾಟಕವೊಂದೇ ಅಲ್ಲ, ಆಂಧ್ರ ತೆಲಂಗಾಣಗಳೂ ಹಕ್ಕುದಾರರು. ಅಣೆಕಟ್ಟಿನ ಆಡಳಿತವು ಅಂತರರಾಜ್ಯ ಮಂಡಳಿಯದು. ಒಂದು ಸರಪಳಿಯ ಹಿಂದೆ ಭೂಗೋಳ, ಇತಿಹಾಸ, ಕೃಷಿ, ರಾಜ್ಯಾಂಗ, ನ್ಯಾಯ ಎಲ್ಲವೂ ಹೀಗೆ ಕೋದುಕೊಂಡಿರುವಾಗ, ‘19’ ಎಂಬ ಅಂಕವನ್ನು ಮಾತ್ರ ಹೆಕ್ಕಿಕೊಂಡವನು ಏನನ್ನು ತಿಳಿದಂತಾಯಿತು?

ಇಲ್ಲಿ ಪೂರ್ವಪಕ್ಷವು ಏಳುತ್ತದೆ: “ಪರೀಕ್ಷೆಯು ಕೇಳುವುದನ್ನು ಓದಬೇಕಲ್ಲದೆ ಊರ ಕಾಲುವೆಯ ಪುರಾಣವನ್ನು ಓದಿ ಫಲವೇನು? ಕಾಲವು ಅಲ್ಪ, ಸ್ಪರ್ಧೆಯು ಬಹಳ.” ಈ ವಾದವು ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಕೇಂದ್ರ ಲೋಕಸೇವಾ ಆಯೋಗದ ಪ್ರಾಥಮಿಕ ಪರೀಕ್ಷೆಯಲ್ಲಿ ಸಾಮಾನ್ಯಾಧ್ಯಯನಕ್ಕೆ 100 ಪ್ರಶ್ನೆಗಳಿರುವುದೂ, ತಪ್ಪುತ್ತರಕ್ಕೆ ಮೂರನೆಯ ಒಂದಂಶ ಅಂಕವನ್ನು ಕಳೆಯುವುದೂ ನಿಜ. ಆದರೆ ಅಲ್ಲಿ ಗಳಿಸಿದ ಅಂಕವು ಬಾಗಿಲು ದಾಟಿಸುವುದಷ್ಟೇ ಹೊರತು ಅಂತಿಮ ಶ್ರೇಣಿಗೆ ಸೇರುವುದಿಲ್ಲ. ಶ್ರೇಣಿಯನ್ನು ನಿರ್ಣಯಿಸುವುದು ಮುಖ್ಯಪರೀಕ್ಷೆಯ 1750 ಅಂಕಗಳು ಮತ್ತು ಸಂದರ್ಶನದ 275 ಅಂಕಗಳು. ಮುಖ್ಯಪರೀಕ್ಷೆಯ ಪಠ್ಯದಲ್ಲಿ ನೀರಾವರಿಯ ವಿಧಗಳಿವೆ, ವಿಪತ್ತು ನಿರ್ವಹಣೆಯಿದೆ, ಕೇಂದ್ರ ರಾಜ್ಯಗಳ ಸಂಬಂಧವಿದೆ; ಸಂದರ್ಶನದಲ್ಲಿ ಹುಟ್ಟಿದ ಜಿಲ್ಲೆಯ ಮಾತು ಬರುವುದು ಸಾಮಾನ್ಯ. ಹಾಗಿರಲು ಊರ ಕಾಲುವೆಯನ್ನು ಬಿಟ್ಟವನು ಪರೀಕ್ಷೆಯ ಅರ್ಧವನ್ನೇ ಬಿಟ್ಟಂತಾಗಲಿಲ್ಲವೆ?

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಬಲವಾದುದು: “ಉತ್ತರವನ್ನು ಕನ್ನಡದಲ್ಲಿ ಬರೆಯಬಹುದಾದರೂ ಪ್ರಶ್ನಪತ್ರಿಕೆಯು ಹಿಂದಿ ಇಂಗ್ಲಿಷುಗಳಲ್ಲಿ ಮಾತ್ರ ಇರುತ್ತದೆ. ಹೀಗಿರುವಲ್ಲಿ ದೇವದುರ್ಗದ ಕನ್ನಡ ಶಾಲೆಯ ಹುಡುಗಿಯು ಇಂಗ್ಲಿಷ್ ಸಂಗ್ರಹವನ್ನು ಹಿಡಿಯದೆ ಮತ್ತೇನು ಮಾಡಬೇಕು?” ಇದು ಅನ್ಯಾಯವೇ, ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಹಿಂದಿಯ ಹುಡುಗನು ತನ್ನ ತಾಯ್ನುಡಿಯಲ್ಲಿ ಪ್ರಶ್ನೆಯನ್ನು ಓದುವಾಗ ಕನ್ನಡದ ಹುಡುಗಿಯು ಮೊದಲು ಪ್ರಶ್ನೆಯನ್ನು ಭಾಷಾಂತರಿಸಿಕೊಳ್ಳಬೇಕಾಗಿರುವುದು ಸಮಾನ ಸ್ಪರ್ಧೆಯಲ್ಲ. ಕನ್ನಡಕ್ಕೆ ತನ್ನ ಮನೆಯಲ್ಲಿಯೂ ಆಸರೆಯು ದೊರೆಯಲಿಲ್ಲವೆಂಬುದು ಇನ್ನೂ ಶೋಚನೀಯ. 384 ಗೆಜೆಟೆಡ್ ಹುದ್ದೆಗಳಿಗಾಗಿ ಕರ್ನಾಟಕ ಲೋಕಸೇವಾ ಆಯೋಗವು ಆ ಗೇಟು ಮುರಿದ ತಿಂಗಳಿನಲ್ಲಿಯೇ, 2024ರ ಆಗಸ್ಟ್ 27ರಂದು, ನಡೆಸಿದ ಪರೀಕ್ಷೆಯ ಕನ್ನಡ ಅನುವಾದವು ದೋಷಗಳಿಂದ ಕೂಡಿದ್ದು, ಸರಕಾರವು ಮರುಪರೀಕ್ಷೆಗೆ ಆಜ್ಞೆ ಮಾಡಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲಿಯೂ ಅದೇ ದೂರು ಎದ್ದಿತು. ಕನ್ನಡನಾಡಿನ ಪರೀಕ್ಷೆಯಲ್ಲಿ ಕನ್ನಡವನ್ನು ತಿಳಿಯಲು ಇಂಗ್ಲಿಷನ್ನು ನೋಡಬೇಕಾದ ದುರವಸ್ಥೆಗೆ ಯಾವ ಸಮರ್ಥನೆಯೂ ಇಲ್ಲ.

ಆದರೆ ಈ ಅನ್ಯಾಯದಿಂದ ಹೊರಡಬೇಕಾದ ಸಿದ್ಧಾಂತವು ಕನ್ನಡವನ್ನು ಕೈಬಿಡತಕ್ಕದ್ದೆಂಬುದಲ್ಲ. ಕಾಲುವೆ, ಕಂದಾಯ, ಸಾಲ, ಕಾನೂನುಗಳನ್ನು ಕನ್ನಡದಲ್ಲಿ ಓದಿ ಕನ್ನಡದಲ್ಲಿ ಆಲೋಚಿಸುವ ಪೀಳಿಗೆಯೊಂದು ತಯಾರಾಗದಿದ್ದರೆ ನಾಳೆಯ ಪ್ರಶ್ನಪತ್ರಿಕೆಯನ್ನು ನೆಟ್ಟಗೆ ಕನ್ನಡಿಸುವವರು ಯಾರು? ಇಂಗ್ಲಿಷನ್ನು ಅವಶ್ಯವಾಗಿ ಕಲಿಯಲಿ, ಚೆನ್ನಾಗಿಯೇ ಕಲಿಯಲಿ. ತಿಳಿವಳಿಕೆಯ ಬೇರು ಮಾತ್ರ ತಾಯ್ನುಡಿಯಲ್ಲಿ ಇಳಿದಿರಲಿ.

ಇಷ್ಟಕ್ಕೂ ಪರೀಕ್ಷೆಯು ಸಾಧನವೇ ಹೊರತು ಸಾಧ್ಯವಲ್ಲ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ಎಣಿಸಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ಪರಿಚ್ಛೇದವು ಬಂದುದು ಈ ಪ್ರಾಂತದ ಮಕ್ಕಳಿಗಾಗಿಯೇ. 2018ರಲ್ಲಿ ಕೇಂದ್ರ ಸರಕಾರವು ಕರ್ನಾಟಕದಿಂದ ‘ಆಕಾಂಕ್ಷೆಯ ಜಿಲ್ಲೆ’ಗಳೆಂದು ಆರಿಸಿದವು ಎರಡೇ, ರಾಯಚೂರು ಮತ್ತು ಯಾದಗಿರಿ. ಈ ಮೂರು ಸಂಗತಿಗಳೂ ಸಂಗ್ರಹಗಳಲ್ಲಿ ಒಂದೊಂದು ಸಾಲಾಗಿ ದೊರೆಯುತ್ತವೆ. ಎರಡು ಹೊಳೆಗಳ ನಡುವಣ ನಾಡು, ಶಕ್ತಿನಗರದಲ್ಲಿ ವಿದ್ಯುತ್ತನ್ನೂ ಹಟ್ಟಿಯಲ್ಲಿ ಚಿನ್ನವನ್ನೂ ಕೊಡುವ ನಾಡು, ಹಿಂದುಳಿದುದು ಏಕೆ ಎಂಬ ಪ್ರಶ್ನೆಯು ಮಾತ್ರ ಯಾವ ಸಂಗ್ರಹದಲ್ಲಿಯೂ ದೊರೆಯದು. ಈ ಪ್ರಶ್ನೆಯನ್ನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕೇಳಿಕೊಳ್ಳದವನು ಅಧಿಕಾರಿಯಾಗಿ ಕುರ್ಚಿಯಲ್ಲಿ ಕುಳಿತಾಗ ಕೇಳಿಕೊಂಡಾನೆಂದು ನಂಬುವುದು ಹೇಗೆ? ಕಾಲುವೆಯ ಕೊನೆಯ ರೈತನು ಅರ್ಜಿ ಹಿಡಿದು ಬಂದರೆ ಆತನು ಗೇಟಿನ ಸಂಖ್ಯೆಯನ್ನು ಹೇಳಿ ಕಳುಹಿಸಬೇಕಾದೀತು.

ಪರಿಹಾರವು ದುಬಾರಿಯಾದುದಲ್ಲ. ಮನೆಗೊಂದು ಕನ್ನಡ ದಿನಪತ್ರಿಕೆ ಬರಲಿ. ವಾರಕ್ಕೊಂದೇ ಸಂಗತಿಯನ್ನು ಆರಿಸಿ, ಭೂಪಟವನ್ನು ಮುಂದಿಟ್ಟುಕೊಂಡು, ಏನಾಯಿತು, ಏಕಾಯಿತು, ಯಾವ ಕಾನೂನಿನ ಕೆಳಗಾಯಿತು, ಲಾಭ ಯಾರಿಗೆ, ನಷ್ಟ ಯಾರಿಗೆ ಎಂದು ಹಿರಿಯರೂ ಕಿರಿಯರೂ ವಿಚಾರ ಮಾಡಲಿ. ಗ್ರಂಥಾಲಯಗಳು ಸರಕಾರದ ವರದಿಗಳನ್ನೂ ಜಿಲ್ಲೆಯ ಗ್ಯಾಸೆಟಿಯರನ್ನೂ ಓದುವವರ ಕೈಗೆಟಕುವಂತೆ ಇರಿಸಲಿ. ಸಂಗ್ರಹಗಳು ಕೊನೆಯ ತಿಂಗಳಿನಲ್ಲಿ ಮೆಲುಕಿಗೆ ಒದಗಲಿ. ಅವು ಊಟವಲ್ಲ, ಉಪ್ಪಿನಕಾಯಿ.

ಮಾನ್ವಿಯ ಜಗನ್ನಾಥದಾಸರ ವಿಷಯದಲ್ಲಿ ಒಂದು ಐತಿಹ್ಯವುಂಟು. ಸಂಸ್ಕೃತದ ಮಹಾಪಂಡಿತರಾದ ಅವರು ಮೊದಲಿಗೆ ಅದೇ ಸೀಮೆಯ ಚೀಕಲಪರವಿಯ ವಿಜಯದಾಸರ ಕನ್ನಡ ಪದಗಳನ್ನು ಅಲ್ಪವೆಂದು ಬಗೆದರಂತೆ; ಬಳಿಕ ಪಶ್ಚಾತ್ತಾಪಪಟ್ಟು ದಾಸದೀಕ್ಷೆಯನ್ನು ಪಡೆದು, ಹರಿಕಥಾಮೃತಸಾರವನ್ನು ಕನ್ನಡದಲ್ಲಿಯೇ ರಚಿಸಿದರು. ದೂರದ ವಿದ್ಯೆಯನ್ನು ಅವರು ಬಿಡಲಿಲ್ಲ, ಹತ್ತಿರದುದನ್ನು ಕಾಣುವ ಕಣ್ಣನ್ನು ಪಡೆದರು. ಆ ಸೀಮೆಯ ತರುಣರು ದಿಲ್ಲಿಯ ಪರೀಕ್ಷೆಯನ್ನು ಗೆಲ್ಲಲಿ; ಗೆದ್ದು ಬಂದಾಗ ಮನೆಯ ಮುಂದಣ ಕಾಲುವೆಯು ಅವರಿಗೆ ಅಪರಿಚಿತವಾಗದಿರಲಿ.