ಮೂಲವ್ಯಾಧಿಯೆಂದು ಮುಚ್ಚಿಟ್ಟ ರೋಗ

ಯಶವಂತಪುರದ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಗೂ, ಪಕ್ಕದ ಪೀಣ್ಯದಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳಿಗೂ, ಆರ್.ಟಿ. ನಗರದ ಚಿಲ್ಲರೆ ಅಂಗಡಿಯವನಿಗೂ ಒಂದು ಅಭ್ಯಾಸ ಸಮಾನವಾಗಿದೆ. ಮಲದಲ್ಲಿ ರಕ್ತ ಕಂಡರೆ ಅದು ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸುವುದು. ಮಜ್ಜಿಗೆ ಕುಡಿದು ತಿಂಗಳುಗಟ್ಟಲೆ ಸುಮ್ಮನಿರುವುದು. ಹೇಳಿಕೊಳ್ಳಲು ನಾಚಿಕೆ, ಆಸ್ಪತ್ರೆಗೆ ಹೋದರೆ ಅಂದಿನ ಕೂಲಿಗೆ ಕತ್ತರಿ. ಹೆಚ್ಚಿನವರಿಗೆ ಅದು ಮೂಲವ್ಯಾಧಿಯೇ ಇದ್ದೀತು. ಆದರೆ ಕೆಲವರಲ್ಲಿ ಅದು ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರು.

ಈ ಕ್ಯಾನ್ಸರು ಗುಣವಾಗತಕ್ಕ ರೋಗವೆಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ. ಸಾಮಾನ್ಯವಾಗಿ ಅದು ಕರುಳಿನೊಳಗೆ ಒಂದು ಸಣ್ಣ ಗಂಟಾಗಿ ಹುಟ್ಟಿ, ಕ್ಯಾನ್ಸರಾಗಲು ಹತ್ತು ವರ್ಷವಾದರೂ ತೆಗೆದುಕೊಳ್ಳುತ್ತದೆ. ಕರುಳಿನಿಂದಾಚೆ ಹರಡುವ ಮೊದಲೇ ಸಿಕ್ಕಿದರೆ, ಅಮೆರಿಕದ ಲೆಕ್ಕದಂತೆ ಐದು ವರ್ಷದ ನಂತರವೂ ನೂರಕ್ಕೆ ಸುಮಾರು 90 ಮಂದಿ ಬದುಕಿರುತ್ತಾರೆ. ಯಕೃತ್ತಿಗೋ ಶ್ವಾಸಕೋಶಕ್ಕೋ ಹಬ್ಬಿದ ಮೇಲೆ ಸಿಕ್ಕಿದರೆ ಆ ಸಂಖ್ಯೆ 20ನ್ನೂ ಮುಟ್ಟದು.

2018ರಲ್ಲಿ ಪ್ರಕಟವಾದ ಜಾಗತಿಕ ಹೋಲಿಕೆಯೊಂದರಲ್ಲಿ, 2010ರಿಂದ 2014ರವರೆಗೆ ಪತ್ತೆಯಾದ ದೊಡ್ಡ ಕರುಳಿನ ಕ್ಯಾನ್ಸರ್ ರೋಗಿಗಳ ಪೈಕಿ ಐದು ವರ್ಷ ಬದುಕಿದವರು ದಕ್ಷಿಣ ಕೊರಿಯಾದಲ್ಲಿ ನೂರಕ್ಕೆ 70ಕ್ಕೂ ಮಿಕ್ಕಿ. ಭಾರತದಲ್ಲಿ ಸುಮಾರು 40. ಕೊರಿಯಾದವರ ಕರುಳೇನು ಕಬ್ಬಿಣದ್ದೇ? ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಕಿದ್ವಾಯಿ ಸಂಸ್ಥೆ 1982ರಿಂದ ಬರೆದಿಡುತ್ತ ಬಂದಿದೆ. ಲೆಕ್ಕವೇನೋ ಇದೆ. ಆದರೆ ಸರ್ಕಾರ ಮೂವತ್ತು ದಾಟಿದವರಿಗೆ ನಡೆಸುವ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕೊರಳು ಈ ಮೂರಕ್ಕೇ ನಿಂತಿದೆ. ಕರುಳು ಆ ಪಟ್ಟಿಯಲ್ಲಿಲ್ಲ.

ಪತ್ತೆಯ ಮೊದಲ ಹೆಜ್ಜೆಗೆ ಕೋಟಿ ರೂಪಾಯಿ ಬೇಕಾಗಿಲ್ಲ. ಕೈಗವಸು ತೊಟ್ಟ ವೈದ್ಯರ ಬೆರಳು ಗುದನಾಳದ ಕೆಳಭಾಗದ ಗಡ್ಡೆಯನ್ನು ಎಷ್ಟೋ ವೇಳೆ ಒಂದೇ ನಿಮಿಷದಲ್ಲಿ ಕಂಡುಹಿಡಿಯುತ್ತದೆ. ಯಂತ್ರ ಬೇಡ, ಟೆಂಡರೂ ಬೇಡ (ಮಂತ್ರಿಗಳಿಗೆ ಉತ್ಸಾಹ ಬಾರದಿರಲು ಇದೇ ಕಾರಣವಿದ್ದೀತು). ಬೆರಳಿಗೆ ಏನೂ ಸಿಗದಿದ್ದರೂ ರಕ್ತ ನಿಲ್ಲದಿದ್ದರೆ ಕೊಳವೆ ಹಾಕಿ ಕರುಳನ್ನು ಪೂರ್ತಿ ನೋಡಲೇಬೇಕು.

ಚಿಕಿತ್ಸೆಯೂ ದುಡಿಯುವವನ ಪಾಲಿಗೆ ಹಗುರವಾಗಿದೆ. ಗುದನಾಳದ ಕ್ಯಾನ್ಸರಿಗೆ ಐದು ವಾರ ಹಿಡಿಯುತ್ತಿದ್ದ ವಿಕಿರಣವನ್ನು ತಕ್ಕ ರೋಗಿಗಳಿಗೆ ಐದೇ ದಿನದಲ್ಲಿ ಮುಗಿಸುವ ಕ್ರಮವಿದೆ. ಹೊಸೂರು ರಸ್ತೆಯ ಕಿದ್ವಾಯಿಗೆ ಊರನ್ನೆಲ್ಲ ಸೀಳಿಕೊಂಡು ಹೋಗಬೇಕಾದ ಯಲಹಂಕದವನಿಗೆ ಇದು ಸಣ್ಣ ಮಾತಲ್ಲ. ದೊಡ್ಡ ಕರುಳಿನ ಶಸ್ತ್ರಕ್ರಿಯೆಯ ನಂತರ ಆರು ತಿಂಗಳು ಕೊಡುತ್ತಿದ್ದ ಔಷಧಿ, ಅಪಾಯ ಕಡಿಮೆಯಿರುವ ಮೂರನೆಯ ಹಂತದ ಅನೇಕರಿಗೆ ಮೂರೇ ತಿಂಗಳು ಸಾಕೆಂದು 12,000ಕ್ಕೂ ಹೆಚ್ಚು ರೋಗಿಗಳ ಮೇಲಿನ ಅಧ್ಯಯನ 2018ರಲ್ಲಿ ತೋರಿಸಿತು. ಯಾರಿಗೆ ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಕೇಳುವ ಹಕ್ಕು ಮಾತ್ರ ರೋಗಿಯದು.

ಇನ್ನು ಹೊಟ್ಟೆಯ ಪ್ರಶ್ನೆ. ಇ.ಎಸ್.ಐ. ಕಾರ್ಮಿಕನಿಗೆ ಕ್ಯಾನ್ಸರ್ ಬಂದರೆ, ಎರಡು ವರ್ಷ ವಿಮೆಯಲ್ಲಿದ್ದು ನಿಗದಿಯಾದ ವಂತಿಗೆ ಸಂದಿದ್ದಲ್ಲಿ, ಕೂಲಿಯ ನೂರಕ್ಕೆ 80ರಷ್ಟು ದೀರ್ಘಕಾಲದ ಕಾಯಿಲೆ ಭತ್ಯ ದೊರೆಯುತ್ತದೆ. ಎಷ್ಟು ಕಾರ್ಖಾನೆಗಳ ಫಲಕದ ಮೇಲೆ ಈ ಮಾತು ಬರೆದಿದೆ? ಸಣ್ಣ ವ್ಯಾಪಾರಿಗೆ ಅದೂ ಇಲ್ಲ. ಬಡತನದ ಚೀಟಿಯಿದ್ದರೆ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ನಡೆದೀತು. ಮುಚ್ಚಿದ ಅಂಗಡಿಯ ಬಾಡಿಗೆ ಯಾರು ಕಟ್ಟಬೇಕು?

ಯಲಹಂಕದ ಸರ್ಕಾರಿ ಆಸ್ಪತ್ರೆ, ಮಲ್ಲೇಶ್ವರದ ಕೆ.ಸಿ. ಜನರಲ್, ಪೀಣ್ಯ ಹಾಗೂ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗಳಲ್ಲಿ ವಾರಕ್ಕೆರಡು ಸಂಜೆ, ಪಾಳಿ ಬಿಟ್ಟ ಮೇಲೆ, ಈ ಪರೀಕ್ಷೆ ನಡೆಯಲಿ. ಅನುಮಾನ ಬಂದವರಿಗೆ ಹದಿನೈದು ದಿನದೊಳಗೆ ಕರುಳು ದರ್ಶಕದ ಪರೀಕ್ಷೆಯಾಗಲಿ. ಕಾರ್ಮಿಕ ಸಂಘಗಳು ಮುಂದಿನ ಬೇಡಿಕೆ ಪಟ್ಟಿಯಲ್ಲಿ ಬೋನಸ್ಸಿನ ಕೆಳಗೆ ಈ ಎರಡನ್ನೂ ಬರೆಯಲಿ. ಎರಡು ವಾರ ರಕ್ತ ಕಂಡವರು ಪಟ್ಟಿಗೆ ಉತ್ತರ ಬರುವವರೆಗೆ ಕಾಯದೆ ನಾಳೆಯೇ ವೈದ್ಯರಲ್ಲಿಗೆ ಹೋಗಲಿ.