ರಾಜಿಯೂ ನ್ಯಾಯವೂ

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕಟ್ಟಿದವನು ದಾವೆಯ ರುಚಿಯನ್ನು ಸ್ವತಃ ಉಂಡವನೇ ಆಗಿರಬೇಕು. ಕೊಪ್ಪಳ ಜಿಲ್ಲೆಯಲ್ಲಿಯೂ ಒಂದು ಮಂಗಳೂರು ಇದೆ. ಅಂತಹ ಗ್ರಾಮವೊಂದರಲ್ಲಿ ನಾಲ್ಕೆಕರೆ ಎರೆಭೂಮಿಗಾಗಿ ಅಣ್ಣತಮ್ಮಂದಿರು ವಾಟ್ನಿಯ ದಾವೆ ಹೂಡಿದರೆಂದು ಎಣಿಸೋಣ. ಮೊದಲನೆಯ ಡಿಕ್ರಿಯು ಯಾರಿಗೆ ಎಷ್ಟು ಪಾಲೆಂಬುದನ್ನು ಮಾತ್ರ ಹೇಳುವುದು. ಅದರ ಮೇಲೆ ಅಪೀಲು; ಅಪೀಲಿನ ಮೇಲೆ ಉಚ್ಚ ನ್ಯಾಯಾಲಯದ ಧಾರವಾಡ ಪೀಠಕ್ಕೆ ಎರಡನೆಯ ಅಪೀಲು. ಎಲ್ಲವೂ ಮುಗಿದ ಮೇಲೆ ಭೂಮಿಯನ್ನು ಅಳೆದು ಬದುವು ಹಾಕಿಸಲು ಮತ್ತೆ ಕಂದಾಯದ ಕಚೇರಿ. ಅಷ್ಟರಲ್ಲಿ ದಾವೆ ಹೂಡಿದವರ ಮಕ್ಕಳು ವಾರಸುದಾರರೆಂದು ಕಟ್ಟೆಯೇರಿರುತ್ತಾರೆ.

ಈ ದುಃಸ್ಥಿತಿಗೆ ಪರಿಹಾರವೆಂದು ಇಂದು ಮಧ್ಯಸ್ಥಿಕೆಯ ಹೆಸರು ಎಲ್ಲೆಡೆ ಕೇಳಿಬರುತ್ತಿದೆ. ದಿವಾಣಿ ಪ್ರಕ್ರಿಯಾ ಸಂಹಿತೆಯ 89ನೆಯ ವಿಧಿಯು 2002ರ ಜುಲೈ 1ರಂದು ಜಾರಿಗೆ ಬಂದಿತು. ಬೆಂಗಳೂರಿನಲ್ಲಿ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ 2007ರ ಜನವರಿ 1ರಂದು ಮಧ್ಯಸ್ಥಿಕೆ ಕೇಂದ್ರವು ತೆರೆಯಿತು. 2023ರಲ್ಲಿ ಸಂಸತ್ತು ಇದಕ್ಕೆಂದೇ ಪ್ರತ್ಯೇಕ ಕಾಯಿದೆ ಮಾಡಿತು. 2025ರ ಜುಲೈ 1ರಿಂದ 90 ದಿನಗಳ ಕಾಲ ದೇಶದಾದ್ಯಂತ ಮಧ್ಯಸ್ಥಿಕೆಯ ಅಭಿಯಾನವೂ ನಡೆಯಿತು. ಮಧ್ಯಸ್ಥರ ಪಟ್ಟಿಗೆ ಅರ್ಹರಾದವರಲ್ಲಿ ನಿವೃತ್ತ ನ್ಯಾಯಾಧೀಶರು ಮುಖ್ಯರು. ಪ್ರಯತ್ನವು ಸ್ವಾಗತಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ರಾಜಿಗಳ ಸಂಖ್ಯೆಯನ್ನು ಎಣಿಸಿ ಸಂತೋಷಪಡುವ ಮೊದಲು, ಆ ರಾಜಿಗಳಲ್ಲಿ ನ್ಯಾಯವೆಷ್ಟು ಎಂದು ಕೇಳುವುದು ಪ್ರಜೆಗಳ ಕರ್ತವ್ಯವಾಗಿದೆ.

ಈ ಮಾರ್ಗವು ನಮಗೆ ಹೊಸದಲ್ಲ. ಕುಲ, ಶ್ರೇಣಿ, ಪೂಗ, ಅವುಗಳ ಮೇಲೆ ರಾಜನು ನೇಮಿಸಿದವರು ಎಂದು ವ್ಯಾಜ್ಯ ತೀರಿಸುವವರ ಮೆಟ್ಟಿಲುಗಳನ್ನು ಯಾಜ್ಞವಲ್ಕ್ಯಸ್ಮೃತಿಯು ಹೇಳಿದೆ. ಅದಕ್ಕೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನು. ನೆಂಟರಿಷ್ಟರು ಸೇರಿ ಹೇಳಿದ ತೀರ್ಪು ಒಪ್ಪಿಗೆಯಾಗದಿದ್ದರೆ ಮೇಲಿನ ಮೆಟ್ಟಿಲೇರಲು ಆ ವ್ಯವಸ್ಥೆಯಲ್ಲಿ ಅವಕಾಶವಿತ್ತು. ಹತ್ತಿರದವರ ನ್ಯಾಯದಲ್ಲಿ ಪಕ್ಷಪಾತವೂ ಇರಬಹುದೆಂದು ಹಿರಿಯರು ಬಲ್ಲವರಾಗಿದ್ದರು. 1920ರಲ್ಲಿ ಕಾಂಗ್ರೆಸ್ಸು ಸರಕಾರೀ ನ್ಯಾಯಾಲಯಗಳನ್ನು ಬಹಿಷ್ಕರಿಸಿ ಪಂಚಾಯತಿಯಿಂದ ವ್ಯಾಜ್ಯ ತೀರಿಸಿಕೊಳ್ಳಿರೆಂದು ಜನರನ್ನು ಕರೆದಿತ್ತು. ಅದಕ್ಕೂ ಮುಂಚೆ ಗಾಂಧೀಜಿಯವರು ದಕ್ಷಿಣ ಆಫ್ರಿಕದಲ್ಲಿ ದಾದಾ ಅಬ್ದುಲ್ಲಾ ಅವರ ವ್ಯಾಜ್ಯವನ್ನು ಪಂಚರಿಗೆ ಒಪ್ಪಿಸುವಂತೆ ಮಾಡಿದ್ದರು. ತೀರ್ಪು ತಮ್ಮ ಕಕ್ಷಿಗಾರನ ಕಡೆಗಾದಾಗ, ಸೋತವನು ದಿವಾಳಿಯಾಗದಂತೆ ಹಣವನ್ನು ದೀರ್ಘ ಕಂತುಗಳಲ್ಲಿ ಪಡೆಯಲು ಅವನನ್ನು ಒಪ್ಪಿಸಿದರು. ಸತ್ಯವನ್ನು ಮೊದಲು ನಿಶ್ಚಯಿಸಿ, ಆಮೇಲೆ ದಯೆಯನ್ನು ಬೆರೆಸಿದುದೇ ಆ ರಾಜಿಯ ಮರ್ಮವಾಗಿತ್ತು.

ಪಂಚನಿಗೂ ಮಧ್ಯಸ್ಥನಿಗೂ ಇರುವ ಭೇದವನ್ನು ಇಲ್ಲಿ ಮರೆಯಬಾರದು. ಪಂಚನು ತೀರ್ಪು ಕೊಡುತ್ತಾನೆ, ಮಧ್ಯಸ್ಥನು ಕೊಡುವಂತಿಲ್ಲ. ಅವನು ಉಭಯರ ಮಾತನ್ನು ಕೇಳಬೇಕು, ಒಬ್ಬೊಬ್ಬರನ್ನೂ ಏಕಾಂತದಲ್ಲಿ ಕಂಡು ಮನಸ್ಸಿನ ಗಂಟನ್ನು ಅರಿಯಬೇಕು, ಕೇಳಿದ ಗುಟ್ಟನ್ನು ಹೊರಗೆಡಹಬಾರದು. ನಿವೃತ್ತ ನ್ಯಾಯಾಧೀಶರಿಗೆ ಕಾಯಿದೆಯ ಜ್ಞಾನವಿದೆ, ಮನುಷ್ಯರ ಸುಳ್ಳುಸತ್ಯಗಳ ಪರಿಚಯವಿದೆ. ಜನರಿಗೆ ಅವರಲ್ಲಿ ಗೌರವವೂ ಇದೆ. ಈ ಗೌರವವೇ ಅಪಾಯಕ್ಕೂ ಎಡೆಗೊಡಬಹುದು. ಮೂವತ್ತು ವರ್ಷ ತೀರ್ಪು ಹೇಳಿದ ನಾಲಗೆಯು ಸಲಹೆಯನ್ನು ಹೇಳಿದರೂ ಬಡ ಕಕ್ಷಿಗಾರನ ಕಿವಿಗೆ ಅದು ಆಜ್ಞೆಯಾಗಿಯೇ ಕೇಳಿಸುವುದು. 'ದೊಡ್ಡವರು ಹೇಳಿದ ಮೇಲೆ ಇನ್ನೇನು' ಎಂದು ಅವನು ರುಜು ಹಾಕಿದರೆ ಅದನ್ನು ಒಪ್ಪಿಗೆ ಎನ್ನಬಹುದೆ?

ಆ ರುಜುವಿನ ಭಾರವೂ ಸಣ್ಣದಲ್ಲ. ನ್ಯಾಯಾಧೀಶನ ತೀರ್ಪು ತಪ್ಪಾದರೆ ಅಪೀಲು ಉಂಟು. ಉಭಯರ ಒಪ್ಪಿಗೆಯಿಂದಾದ ಡಿಕ್ರಿಯ ಮೇಲೆ ಸಂಹಿತೆಯ 96ನೆಯ ವಿಧಿಯಂತೆ ಅಪೀಲು ಇಲ್ಲ. ರಾಜಿಯೇ ಕಾನೂನುಬದ್ಧವಲ್ಲವೆಂದು ಬೇರೆ ದಾವೆ ಹೂಡುವುದಕ್ಕೂ ಸಂಹಿತೆಯು ಅಡ್ಡಬರುತ್ತದೆ. ಹೀಗಿರುವಾಗ ತಿಳಿಯದೆ ಹಾಕಿದ ರುಜುವು ಸೋತ ದಾವೆಗಿಂತಲೂ ಕೇಡು.

ಈ ಕೇಡು ಹೆಚ್ಚಾಗಿ ಯಾರ ತಲೆಗೆ ಬರುವುದು? ಹೆಣ್ಣುಮಕ್ಕಳ ತಲೆಗೆ ಎಂದು ನಾವು ನಿಸ್ಸಂಕೋಚವಾಗಿ ಹೇಳುತ್ತೇವೆ. ಕರ್ನಾಟಕವು 1994ರಲ್ಲಿಯೇ ಪಿತ್ರಾರ್ಜಿತದಲ್ಲಿ ಮಗಳಿಗೆ ಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನು ಅಳಿಸಿತು. ಮಗನಂತೆ ಮಗಳೂ ಹುಟ್ಟಿನಿಂದಲೇ ಪಾಲುದಾರಳೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸಂಶಯಕ್ಕೆಡೆಯಿಲ್ಲದಂತೆ ಹೇಳಿತು. ಕಾಯಿದೆ ಕೊಟ್ಟುದನ್ನು ತವರಿನ ದಾಕ್ಷಿಣ್ಯವು ಕಸಿಯಬಾರದು. ಪಾಲು ಕೇಳಿದರೆ ಪಂಚಮಿಯ ಕರೆ ನಿಲ್ಲುವುದೆಂಬ ಭಯವು ಎಷ್ಟೋ ಅಕ್ಕತಂಗಿಯರ ಬಾಯಿ ಕಟ್ಟಿದೆ. ತುಂಗಭದ್ರೆಯ ಕಾಲುವೆಯ ನೀರುಂಡ ಗಂಗಾವತಿಯ ಗದ್ದೆಯ ಪಾಲನ್ನು ಒಂದು ಸೀರೆಗೂ ಒಂದಿಷ್ಟು ರೊಕ್ಕಕ್ಕೂ ಬಿಡಿಸಿಕೊಂಡರೆ ಕಡತವು ಮುಗಿಯುವುದು ನಿಜ. ಮನೆಯಲ್ಲಿ ಶಾಂತಿಯೂ ಕಾಣಿಸಬಹುದು. ಅದು ದುರ್ಬಲರ ಮೌನವೇ ಹೊರತು ಸಮಾಧಾನವಲ್ಲ. ತಿಳಿದೂ ತಿಳಿದೂ ಒಬ್ಬಳು ತನ್ನ ಪಾಲನ್ನು ಅಣ್ಣನಿಗೆ ಬಿಟ್ಟರೆ ಅದು ಅವಳ ಔದಾರ್ಯ. ಅವಳಿಗೆ ತಿಳಿಯುವಂತೆ ಮಾಡುವುದು ಮಧ್ಯಸ್ಥನ ಹೊಣೆ.

ಎಲ್ಲ ವ್ಯಾಜ್ಯಗಳೂ ಮಧ್ಯಸ್ಥಿಕೆಗೆ ತಕ್ಕವುಗಳಲ್ಲ. ನಮ್ಮ ಉಚ್ಚ ನ್ಯಾಯಾಲಯದಲ್ಲಿದ್ದು ಮುಂದೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು 2010ರ ಆಫ್ಕಾನ್ಸ್ ಪ್ರಕರಣದ ತೀರ್ಪಿನಲ್ಲಿ ಇದನ್ನು ವಿಂಗಡಿಸಿದರು. ಕುಟುಂಬದ ವಾಟ್ನಿ, ನೆರೆಹೊರೆಯವರ ಬದುವಿನ ಜಗಳ, ವ್ಯಾಪಾರದ ಲೇವಾದೇವಿ ಇವು ತಕ್ಕವು. ಖೊಟ್ಟಿ ದಸ್ತೈವಜಿನ ಆರೋಪವುಳ್ಳವು, ಅಪ್ರಾಪ್ತ ವಯಸ್ಕರ ರಕ್ಷಣೆಗೆ ಸಂಬಂಧಿಸಿದವು ತಕ್ಕವಲ್ಲ. ಪ್ರಯತ್ನವು ವಿಫಲವಾಗುವುದೂ ಅವಮಾನವಲ್ಲ. ಅಯೋಧ್ಯೆಯ ವ್ಯಾಜ್ಯದಲ್ಲಿ ನಿವೃತ್ತ ನ್ಯಾಯಮೂರ್ತಿ ಎಫ್. ಎಂ. ಐ. ಕಲೀಫುಲ್ಲಾ ಅವರ ಮುಖಂಡತ್ವದ ಮೂವರ ಸಮಿತಿಯು 2019ರ ಮಾರ್ಚಿಯಿಂದ ಯತ್ನಿಸಿತು. ಪೂರ್ಣ ಒಪ್ಪಿಗೆಯಾಗಲಿಲ್ಲ, ನವೆಂಬರ್ 9ರಂದು ನ್ಯಾಯಾಲಯವೇ ತೀರ್ಪಿತ್ತಿತು. ಸಂಧಾನದ ಬಾಗಿಲು ಮುಚ್ಚಿದಾಗ ನ್ಯಾಯದ ಬಾಗಿಲು ತೆರೆದಿದ್ದರೇ ಸಂಧಾನಕ್ಕೆ ಬೆಲೆ.

ಆದುದರಿಂದ ಉಚ್ಚ ನ್ಯಾಯಾಲಯದ ಮುಂದೆಯೂ ಸರಕಾರದ ಮುಂದೆಯೂ ನಮ್ಮ ಬಿನ್ನಹವಿಷ್ಟು. ಯಲಬುರ್ಗಿ, ಕುಷ್ಟಗಿಯಂತಹ ತಾಲೂಕುಗಳಿಗೂ ನುರಿತ ಮಧ್ಯಸ್ಥರು ದೊರೆಯಲಿ; ಅವರು ಈ ಸೀಮೆಯ ಕನ್ನಡವನ್ನೂ ಭೂಮಿಯ ವ್ಯವಹಾರವನ್ನೂ ಬಲ್ಲವರಾಗಿರಲಿ. ನಿವೃತ್ತ ನ್ಯಾಯಾಧೀಶರೂ ಮಧ್ಯಸ್ಥಿಕೆಯ ಶಿಕ್ಷಣ ಪಡೆದೇ ಕುಳಿತುಕೊಳ್ಳಲಿ. ರಾಜಿಪತ್ರವು ಕನ್ನಡದಲ್ಲಿರಲಿ, ಅದನ್ನು ಓದಿ ಹೇಳಿ, ಯೋಚಿಸಲು ಕೆಲವು ದಿನ ಬಿಟ್ಟು, ಆಮೇಲೆ ರುಜು ಪಡೆಯಲಿ. ಪಾಲು ಬಿಡುವ ಹೆಣ್ಣುಮಗಳಿಗೆ ಅಣ್ಣನ ವಕೀಲನಲ್ಲದ ಬೇರೊಬ್ಬ ವಕೀಲನ ಸಲಹೆ ಉಚಿತವಾಗಿ ಸಿಗಲಿ. ಎಷ್ಟು ಕಡತ ಮುಗಿದುವೆಂದು ಲೆಕ್ಕ ಕೇಳುವ ಮೇಲಧಿಕಾರಿಗಳು, ಮುಗಿದವುಗಳಲ್ಲಿ ಎಷ್ಟು ಮತ್ತೆ ಕಟ್ಟೆಯೇರಿದುವೆಂದೂ ಕೇಳಲಿ.

ಪೀಠದಿಂದಿಳಿದ ನ್ಯಾಯಾಧೀಶನು ಜಮಖಾನೆಯ ಮೇಲೆ ಕಕ್ಷಿಗಾರರ ಸಮಕ್ಕೆ ಕುಳಿತುಕೊಳ್ಳುವುದು ದೊಡ್ಡ ಮಾತು. ಅಧಿಕಾರವನ್ನು ಪೀಠದಲ್ಲಿಯೇ ಬಿಟ್ಟು, ನ್ಯಾಯಬುದ್ಧಿಯನ್ನು ಮಾತ್ರ ಜತೆಗೆ ತಂದರೆ ಅವನ ನಿವೃತ್ತಿಯು ನಾಡಿಗೆ ಲಾಭವಾಗುವುದು.